ಅಧ್ಯಾಪಕರ ತರಬೇತಿಯೂ ಮಿಶ್ರಪಾಠಕ್ರಮವೂ

 

ಹಗಲೆಲ್ಲ ದುಡಿದು ಕುಟುಂಬವನ್ನು ಪೋಷಿಸುವ ತರುಣನಿಗೂ, ಹಸುಗೂಸನ್ನು ಬಿಟ್ಟುಬರಲಾರದ ತಾಯಿಗೂ ಕಾಲೇಜಿನ ಬಾಗಿಲು ಮುಚ್ಚಿರತಕ್ಕದ್ದೇ? ಅಮೆರಿಕೆಯ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕ ಬ್ರಯನ್ ಬೀಟಿಯವರೂ ಅವರ ಸಹೋದ್ಯೋಗಿಗಳೂ 2006ರಲ್ಲಿ ಆರಂಭಿಸಿದ 'ಹೈಫ್ಲೆಕ್ಸ್' ಎಂಬ ಕ್ರಮವು ಈ ಪ್ರಶ್ನೆಗೆ ಒಂದು ಉತ್ತರವಾಗಿರುವುದು. ಈ ಕ್ರಮದಲ್ಲಿ ವಿದ್ಯಾರ್ಥಿಯು ತರಗತಿಗೆ ಬರಬಹುದು; ಅದೇ ವೇಳೆಗೆ ಅಂತರ್ಜಾಲದ ಮೂಲಕ ದೂರದಿಂದ ಸೇರಬಹುದು; ಇಲ್ಲವೆ ತನಗೆ ಬಿಡುವು ದೊರೆತಾಗ ಅಭ್ಯಸಿಸಬಹುದು. ಆಯ್ಕೆಯು ಅವನದೇ, ವಾರವಾರಕ್ಕೂ ಅದನ್ನು ಬದಲಿಸಿಕೊಳ್ಳಲು ಸ್ವಾತಂತ್ರ್ಯವುಂಟು.

ಇದಕ್ಕೆ ನಾಲ್ಕು ಆಧಾರಸ್ತಂಭಗಳಿರುವುವು: ಕಲಿಯುವವನ ಆಯ್ಕೆ, ಎಲ್ಲ ಮಾರ್ಗಗಳಿಗೂ ಸಮಫಲ, ಸಾಮಗ್ರಿಯ ಪುನರುಪಯೋಗ, ಎಲ್ಲರಿಗೂ ಸುಲಭಪ್ರವೇಶ. ಇವುಗಳಲ್ಲಿ ಸಮಫಲವೇ ಕಠಿನವಾದುದು. ಮಾರ್ಗಗಳು ಒಂದೇ ತೆರನಾಗಿರಬೇಕಾಗಿಲ್ಲ. ಆದರೆ ಯಾವ ಮಾರ್ಗದಿಂದ ಬಂದವನಿಗೂ ದೊರೆಯುವ ವಿದ್ಯೆಯು ಕುಂದಬಾರದು. ದೂರದಲ್ಲಿರುವವನಿಗೆ ಉಚ್ಛಿಷ್ಟವನ್ನು ಬಡಿಸಿ, ಅದನ್ನೇ ಸೌಕರ್ಯವೆಂದು ಕರೆಯುವುದು ನ್ಯಾಯವಲ್ಲ.

2020ರಲ್ಲಿ ಮಹಾಮಾರಿಯು ಕಾಲೇಜುಗಳ ಬಾಗಿಲನ್ನು ಮುಚ್ಚಿಸಿದಾಗ, ಎಷ್ಟೋ ಮಂದಿ ಅಧ್ಯಾಪಕರು ಹಿಂದಿನ ಉಪನ್ಯಾಸವನ್ನೇ ಕ್ಯಾಮೆರಾದ ಮುಂದೆ ಓದಬೇಕಾಯಿತು. ಅದು ಅವರ ದೋಷವಲ್ಲ. ಅವರಿಗೆ ಬೇರೆ ಬಗೆಯನ್ನು ಕಲಿಸಿದವರು ವಿರಳ. 2021ರಲ್ಲಿ ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು, ಪಾಠಕ್ರಮದ ನೂರಕ್ಕೆ 40 ಭಾಗದವರೆಗೆ ಅಂತರ್ಜಾಲದಲ್ಲಿ ಬೋಧಿಸಬಹುದೆಂಬ ಸೂಚನೆಯನ್ನು ತನ್ನ ಕರಡಿನಲ್ಲಿ ಮುಂದಿಟ್ಟಿತು. ಆದರೆ ಅನುಮತಿಯೊಂದರಿಂದಲೇ ಸಾಮರ್ಥ್ಯವು ಬಾರದು.

ಹಾಗಾದರೆ ಅಧ್ಯಾಪಕನನ್ನು ಸಿದ್ಧಗೊಳಿಸುವ ಬಗೆ ಯಾವುದು? ಮೊದಲು ಅವನೇ ಶಿಷ್ಯನಾಗಿ, ದೂರದ ಪರದೆಯ ಮುಂದೆ ಕುಳಿತು ಒಂದು ಪಾಠವನ್ನು ಕೇಳಲಿ. ಧ್ವನಿಯು ಕಡಿದುಹೋಗುವ ಕಷ್ಟವನ್ನೂ, ಪ್ರಶ್ನೆ ಕೇಳಲು ಎಡೆಯಿಲ್ಲದ ಸಂಕಟವನ್ನೂ ತಾನೇ ಅನುಭವಿಸಲಿ. ಬಳಿಕ ಇಡೀ ವರ್ಷದ ಪಾಠವನ್ನಲ್ಲ, ಒಂದೇ ವಾರದ ಪಾಠವನ್ನು ತೆಗೆದುಕೊಂಡು, ವಿದ್ಯಾರ್ಥಿಯು ಕಡೆಗೆ ಏನನ್ನು ಮಾಡಬಲ್ಲವನಾಗಬೇಕೆಂಬುದನ್ನು ಬರೆದಿಡಲಿ. ಆ ಗುರಿಗೆ ಮೂರು ದಾರಿಗಳನ್ನು ರಚಿಸಲಿ. ತರಗತಿಯ ಚರ್ಚೆಯನ್ನು ಮುದ್ರಿಸಿಟ್ಟರೆ ಬಾರದವನಿಗೆ ಅದು ಪಾಠವಾಗುವುದು; ಬಾರದವನು ಬರೆದು ಕಳುಹಿದ ಅಭಿಪ್ರಾಯವನ್ನು ತರಗತಿಯಲ್ಲಿ ಓದಿದರೆ ಅವನೂ ಸಭೆಯಲ್ಲಿ ಒಬ್ಬನಾಗುವನು. ಕಡೆಯಲ್ಲಿ ಸಹೋದ್ಯೋಗಿಗಳು ಅದನ್ನು ಪರೀಕ್ಷಿಸಿ ತಿದ್ದಲಿ.

ಈ ಕೆಲಸಕ್ಕೆ ಯಂತ್ರಕ್ಕಿಂತಲೂ ವೇಳೆಯೇ ಹೆಚ್ಚು ಬೇಕು. ಆದುದರಿಂದ ವಿದ್ಯಾಸಂಸ್ಥೆಗಳ ಪೋಷಕರಲ್ಲಿ ನನ್ನ ಬಿನ್ನಹವಿಷ್ಟೇ: ಉಪಕರಣಗಳನ್ನು ಕೊಳ್ಳುವುದಕ್ಕೆ ಮುನ್ನ ಅಧ್ಯಾಪಕನಿಗೆ ಬಿಡುವನ್ನು ಕೊಡಿರಿ. ಅವನ ಸಿದ್ಧತೆಯಿಂದಲೇ ಬಾಗಿಲಾಚೆ ನಿಂತಿರುವ ತರುಣನು ಒಳಗೆ ಬರುವನು.