ಪಾರ್ಕಿನ್ಸನ್ ಕಾಯಿಲೆಗೆ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಿಸಬೇಕೆ?



"ಊರಲ್ಲಿ ಅಪ್ಪನಿಗೆ ಕೈ ನಡುಕ ಜಾಸ್ತಿಯಾಗಿದೆ, ತಲೆಗೆ ಆಪರೇಷನ್ ಮಾಡಿಸಿದರೆ ಗುಣವಾಗುತ್ತದಂತೆ, ಹೌದೇ ಡಾಕ್ಟ್ರೇ?" ಸಂಘದ ಊಟದ ಸಾಲಿನಲ್ಲೂ ನಮ್ಮಂಥ ವೈದ್ಯರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಗುಣವಾಗುವುದಿಲ್ಲ, ಆದರೆ ತಕ್ಕವರಿಗೆ ಮಾಡಿದರೆ ಬಹಳ ಸುಧಾರಿಸುತ್ತದೆ ಎಂಬುದು ನಮ್ಮ ಉತ್ತರ.

ಇಂಥ ಶಸ್ತ್ರಚಿಕಿತ್ಸೆ ನಮ್ಮ ನಾಡಿಗೆ ಹೊಸದಲ್ಲ. ಮುಂದೆ ನಿಮ್ಹಾನ್ಸ್‌ನ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮ ಅವರು 1960ರ ದಶಕದಲ್ಲೇ ಬೆಂಗಳೂರಿನಲ್ಲಿ, ಬುರುಡೆಯ ತಳದಲ್ಲಿ ಸಹಜವಾಗಿರುವ ರಂಧ್ರದ ಮೂಲಕ ಸೂಜಿ ಕಳಿಸಿ ಈ ರೋಗಿಗಳಿಗೆ ಚಿಕಿತ್ಸೆ ಮಾಡುತ್ತಿದ್ದರು. ಲೆವೊಡೋಪಾ ಮಾತ್ರೆ ಬಂದ ಮೇಲೆ ಶಸ್ತ್ರಚಿಕಿತ್ಸೆ ಹಿಂದೆ ಸರಿಯಿತು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಡಾ. ಬೆನಾಬಿಡ್ ಅವರು ನರಕೋಶಗಳನ್ನು ಸುಡುವ ಬದಲು ವಿದ್ಯುತ್ತಿನಿಂದ ಹತೋಟಿಗೆ ತರುವ ದಾರಿ ತೋರಿಸಿದರು. ಮಿದುಳಿನ ಆಳಕ್ಕೆ ಎರಡು ತೆಳು ತಂತಿ, ಎದೆಯ ಚರ್ಮದಡಿ ಒಂದು ಬ್ಯಾಟರಿ. ಪಾರ್ಕಿನ್ಸನ್‌ಗೆ ಇದನ್ನು ಅಮೆರಿಕ ಒಪ್ಪಿದ್ದು 2002ರಲ್ಲಿ.

ಯಾರಿಗೆ ತಕ್ಕದ್ದು? ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎರಡು ಮೂರು ಗಂಟೆಗೇ ಅದರ ಬಲ ಇಳಿದುಹೋಗುತ್ತದೆ, ಇಲ್ಲವೇ ಮೈ ತಾನಾಗಿ ತಿರುಚಾಡುತ್ತದೆ ಎನ್ನುವವರಿಗೆ. ರಾತ್ರಿಯಿಂದ ಔಷಧ ನಿಲ್ಲಿಸಿ ಬೆಳಿಗ್ಗೆ ಪರೀಕ್ಷಿಸುತ್ತಾರೆ, ಮಾತ್ರೆ ಕೊಟ್ಟು ಮತ್ತೆ ನೋಡುತ್ತಾರೆ. ಮಾತ್ರೆಗೆ ಬಗ್ಗದ್ದು, ಅಂದರೆ ಮರೆವು, ತೊದಲು ಮಾತು, ಆಯ ತಪ್ಪಿ ಬೀಳುವುದು, ತಂತಿಗೂ ಬಗ್ಗುವುದಿಲ್ಲ. ಮಾತು ಇನ್ನಷ್ಟು ಕೆಡಲೂಬಹುದು. ನಡುಕ ಮಾತ್ರ ಇದಕ್ಕೆ ಅಪವಾದ, ಮಾತ್ರೆಗೆ ನಿಲ್ಲದ ನಡುಕವೂ ತಂತಿಗೆ ನಿಲ್ಲುವುದುಂಟು. ನೂರರಲ್ಲಿ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಸೋಂಕು ತಗಲಿದರೆ ಸಾಧನವನ್ನೇ ತೆಗೆಯಬೇಕಾಗಬಹುದು.

ಆದರೆ ನಮ್ಮವರು ಕೇಳದೇ ಬಿಡುವ ಪ್ರಶ್ನೆ ಬೇರೆ: ಆಮೇಲೆ ನೋಡಿಕೊಳ್ಳುವವರು ಯಾರು? ಸಾಧನವನ್ನು ಹದಕ್ಕೆ ತರಲು ತಿಂಗಳುಗಟ್ಟಲೆ ಮತ್ತೆ ಮತ್ತೆ ಹೋಗಬೇಕು. ಆರು ತಿಂಗಳ ಮಟ್ಟಿಗೆ ಇಲ್ಲಿಗೆ ಕರೆಸಿ ಮಾಡಿಸುತ್ತೇವೆನ್ನುವವರುಂಟು. ಸಂದರ್ಶಕರ ವಿಮೆ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಕಾಸು ಬಿಚ್ಚುವುದಿಲ್ಲ, ಅದಿರಲಿ. ಅಪ್ಪ ಶಿವಮೊಗ್ಗಕ್ಕೆ ಮರಳಿದ ಮೇಲೆ ಆ ಸಾಧನವನ್ನು ಬಲ್ಲವರು ಹತ್ತಿರದಲ್ಲಿದ್ದಾರೆಯೇ? ಅವರು ಇರುವ ಕಡೆಯೇ ಮಾಡಿಸುವುದು ಲೇಸು ಎಂದು ನಮಗೆ ತೋರುತ್ತದೆ. ಬ್ಯಾಟರಿಯನ್ನೂ ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಚಾರ್ಜ್ ಮಾಡುವ ಬಗೆಯದು ಹೆಚ್ಚು ಬಾಳುತ್ತದೆ, ಆದರೆ ಅದನ್ನು ಮರೆಯದೆ ಚಾರ್ಜ್ ಮಾಡಲು ಮನೆಯಲ್ಲಿ ಒಬ್ಬರು ಬೇಕು. ಇನ್ನೊಂದು: ತಂತಿ ಇರುವವರು ಮಂಡಿನೋವಿಗೆಂದು ಡಯಾಥರ್ಮಿ ಶಾಖ ತೆಗೆದುಕೊಳ್ಳಲೇಬಾರದು. ತಂತಿ ಕಾದು ಮಿದುಳು ಸುಟ್ಟೀತು. ಊರಿನ ಫಿಸಿಯೋಥೆರಪಿಯವರಿಗೆ ಇದನ್ನು ಮೊದಲೇ ತಿಳಿಸಿ.

ನಿರ್ಧಾರಕ್ಕೆ ಮೊದಲು ತಂದೆಯವರನ್ನೇ ಕೇಳಿ. ಮಕ್ಕಳ ಕಣ್ಣಿಗೆ ಬೀಳುವುದು ನಡುಕ. ಅವರನ್ನು ಕಾಡುತ್ತಿರುವುದು ರಾತ್ರಿ ಮಗ್ಗುಲು ಬದಲಿಸಲಾಗದ ಕಷ್ಟವಿರಬಹುದು. ಮೂರು ದಿನ, ಮಾತ್ರೆ ನುಂಗಿದ್ದು ಎಷ್ಟು ಹೊತ್ತಿಗೆ, ಮೈ ಸಡಿಲವಾದದ್ದು ಯಾವಾಗ, ಮತ್ತೆ ಬಿಗಿದದ್ದು ಯಾವಾಗ ಎಂದು ತಾಯಿಯವರ ಕೈಯಲ್ಲಿ ಬರೆಸಿಡಿ. ನರರೋಗ ತಜ್ಞರು ಮೊದಲು ಕೇಳುವುದೇ ಆ ಹಾಳೆಯನ್ನು.