ಏಳನೆಯ ತರಗತಿಯ ಹೊಸ್ತಿಲು

(ಮಠದ ಸುವರ್ಣ ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಓದಲಾದ ಉಪನ್ಯಾಸ)



ಹೊಳೆಯನ್ನು ದಾಟುವವನಿಗೆ ಈ ದಡದಲ್ಲಿ ಭಯವಿಲ್ಲ, ಆ ದಡದಲ್ಲಿಯೂ ಭಯವಿಲ್ಲ, ಭಯವೆಲ್ಲವೂ ನಡುನೀರಿನಲ್ಲಿರುವುದು. ಆದುದರಿಂದಲೇ ದೋಣಿಯನ್ನು ಕಟ್ಟಿಸಿದವನಿಗಿಂತ ಅಂಬಿಗನನ್ನು ಜನರು ಹೆಚ್ಚಾಗಿ ನೆನೆಯುವರು. ವಿದ್ಯಾರ್ಥಿಯ ಜೀವಿತದಲ್ಲಿಯೂ ಇಂತಹ ನಡುನೀರೊಂದುಂಟು. ಅದು ಕನ್ನಡ ಶಾಲೆಯ ಏಳನೆಯ ತರಗತಿಗೂ ಹೈಸ್ಕೂಲಿನ ಎಂಟನೆಯ ತರಗತಿಗೂ ನಡುವೆ ಇರುವ ಎರಡು ತಿಂಗಳ ಬೇಸಗೆಯ ರಜೆ, ಮತ್ತು ಅದರ ಮುಂದಿನ ನಾಲ್ಕು ತಿಂಗಳ ಕಾಲ. ಶಾಲೆಯನ್ನು ಕಟ್ಟಿಸಿದ ದಾನಿಗಳ ಹೆಸರು ಶಿಲಾಫಲಕಗಳಲ್ಲಿರುವುದು. ಪ್ರಸಾದ ನಿಲಯಕ್ಕೆ ಜೋಳ ಅಕ್ಕಿಗಳನ್ನು ಕೊಟ್ಟವರ ಹೆಸರು ವರದಿಗಳಲ್ಲಿರುವುದು. ಆದರೆ ಹದಿಮೂರು ವರ್ಷದ ಬಾಲಕನೊಬ್ಬನ ಕೈಹಿಡಿದು ಈ ಆರು ತಿಂಗಳನ್ನು ದಾಟಿಸುವ ಕಾರ್ಯಕ್ಕೆ ಹೆಸರೂ ಇಲ್ಲ, ಫಲಕವೂ ಇಲ್ಲ. ಹೆಸರಿಲ್ಲದ ಆ ಕಾರ್ಯವೇ ಈ ಉಪನ್ಯಾಸದ ವಿಷಯವು.

ಕರ್ನಾಟಕದಲ್ಲಿ ಒಂದರಿಂದ ಏಳರವರೆಗೆ, ಕೆಲವು ಕಡೆಗಳಲ್ಲಿ ಎಂಟರವರೆಗೆ, ಪ್ರಾಥಮಿಕ ಶಾಲೆಯು ನಡೆಯುವುದು; ಅಲ್ಲಿಂದ ಹತ್ತರವರೆಗೆ ಪ್ರೌಢಶಾಲೆಯು. ಪ್ರಾಥಮಿಕ ಶಾಲೆಯು ಬಹುಮಟ್ಟಿಗೆ ಸ್ವಂತ ಊರಿನಲ್ಲಿಯೋ ಪಕ್ಕದ ಊರಿನಲ್ಲಿಯೋ ಇರುವುದು. ಪ್ರೌಢಶಾಲೆಯಾದರೋ ಹಲವು ಊರುಗಳಿಗೆ ಒಂದರಂತೆ ಇರುವುದು. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ಆರರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ, ಅಂದರೆ ಎಂಟನೆಯ ತರಗತಿಯ ಕೊನೆಯವರೆಗೆ, ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ವಿಧಿಸಿತು. ಕಾಯಿದೆಯ ಕೈಯು ಸಡಿಲವಾಗುವ ಸ್ಥಳವೂ, ಊರ ಶಾಲೆಯ ನೆರಳು ಮುಗಿಯುವ ಸ್ಥಳವೂ ಹೆಚ್ಚು ಕಡಮೆ ಒಂದೇ ಆಗಿರುವುದನ್ನು ಮಹಾಜನರು ಗಮನಿಸಬೇಕು.

ಹಿಂದಿನ ಕಾಲದಲ್ಲಿ ಈ ಹೊಳೆಯು ಇನ್ನೂ ಅಗಲವಾಗಿದ್ದಿತು. ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳಲ್ಲಿ ಹಳ್ಳಿಯ ಹುಡುಗನು ಕನ್ನಡ ಏಳನೆಯ ಇಯತ್ತೆಯನ್ನು ಓದಿ ಮುಲ್ಕಿ ಪರೀಕ್ಷೆಯನ್ನು ಕೊಟ್ಟನೆಂದರೆ ಅಲ್ಲಿಗೆ ವಿದ್ಯೆಯು ಮುಗಿಯಿತೆಂದೇ ಲೆಕ್ಕ. ಇಂಗ್ಲಿಷ್ ಶಾಲೆಯು ಪಟ್ಟಣದಲ್ಲಿ. ಪಟ್ಟಣದಲ್ಲಿ ಉಳಿಯಲು ಮನೆಯಿಲ್ಲ, ಉಣ್ಣಲು ಕೂಳಿಲ್ಲ. ಈ ಕಷ್ಟವನ್ನು ಕಂಡೇ ಸಿರಸಂಗಿಯ ಲಿಂಗರಾಜ ದೇಸಾಯರು (೧೮೬೧–೧೯೦೬) ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಸಹಾಯಕ್ಕಾಗಿ ಬಿಟ್ಟುಹೋದರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಸ್ಥಾಪಿಸಿದಾಗಲೂ ಮೊದಲು ತೆರೆದುದು ಕಾಲೇಜನ್ನಲ್ಲ, ಶಾಲೆಯನ್ನು. ಮೈಸೂರು ಸೀಮೆಯಲ್ಲಿ ಸಿದ್ಧಗಂಗೆಯ ಉದ್ದಾನ ಶಿವಯೋಗಿಗಳು ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದರು. ಪಾಠಶಾಲೆಯ ಪಕ್ಕದಲ್ಲಿಯೇ ಒಲೆಯೂ ಉರಿಯಿತು. ಧಾರವಾಡದ ಮುರುಘಾಮಠವೇ ಮೊದಲಾದ ಕಡೆಗಳಲ್ಲಿ ಉಚಿತ ಪ್ರಸಾದ ನಿಲಯಗಳು ಹುಟ್ಟಿದುದಕ್ಕೆ ಮೂಲಕಾರಣವು ಇದೇ: ಹಳ್ಳಿಯ ಶಾಲೆಗೂ ಪಟ್ಟಣದ ಶಾಲೆಗೂ ನಡುವಿನ ದೂರ.

ಆ ದೂರವನ್ನು ತಾವೇ ಬಾಲಕರಾಗಿ ನಡೆದವರು ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳು. ೧೯೦೭ರಲ್ಲಿ ಮಾಗಡಿ ಸೀಮೆಯ ವೀರಾಪುರದಲ್ಲಿ ಜನಿಸಿ, ಎಳೆತನದಲ್ಲಿಯೇ ತಾಯಿಯನ್ನು ಕಳೆದುಕೊಂಡು, ನಾಗವಲ್ಲಿಯ ಗ್ರಾಮೀಣ ಶಾಲೆಯಲ್ಲಿ ಓದಿ, ಅಲ್ಲಿಂದ ತುಮಕೂರಿನ ಹೈಸ್ಕೂಲಿಗೆ ಬಂದು ೧೯೨೬ರಲ್ಲಿ ಮೆಟ್ರಿಕ್ಯುಲೇಶನ್ ತೇರ್ಗಡೆಯಾದರು. ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜನ್ನು ಸೇರಿದರು. ೧೯೩೦ರಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದ ಅವರು ೨೦೧೯ರ ಜನವರಿಯಲ್ಲಿ ಲಿಂಗೈಕ್ಯರಾಗುವವರೆಗೆ ಜಾತಿಮತಗಳ ಭೇದವಿಲ್ಲದೆ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದ ಸಂಗತಿಯು ಸರ್ವವಿದಿತವು. ಹಳ್ಳಿಯ ಶಾಲೆಯ ಹುಡುಗನೊಬ್ಬನು ಪಟ್ಟಣದ ಶಾಲೆಗೆ ದಾಟಿದುದರಿಂದ ನಾಡಿಗೆ ಎಷ್ಟು ಲಾಭವಾಯಿತೆಂಬುದನ್ನು ಇದರಿಂದ ಅಳೆಯಬಹುದು. ದಾಟದೆ ಉಳಿದವರಿಂದ ಎಷ್ಟು ನಷ್ಟವಾಯಿತೆಂಬುದನ್ನು ಅಳೆಯಲು ಯಾವ ಸೇರೂ ಇಲ್ಲ, ಯಾವ ತಕ್ಕಡಿಯೂ ಇಲ್ಲ.

ಇಷ್ಟು ಹಿನ್ನೆಲೆಯನ್ನು ಹೇಳಿದ ಮೇಲೆ ಒಂದು ಪ್ರಸಾದ ನಿಲಯದಲ್ಲಿ ನಡೆದ ಪ್ರಸಂಗವನ್ನು ನಿವೇದಿಸುವುದು ಉಚಿತವಾಗಿದೆ. ಸ್ಥಳದ ಹೆಸರೂ ವ್ಯಕ್ತಿಗಳ ಹೆಸರೂ ಇಲ್ಲಿ ಅನಾವಶ್ಯಕವು.

ಒಂದು ಜೂನ್ ತಿಂಗಳಲ್ಲಿ ಬೇರೆ ಬೇರೆ ಹಳ್ಳಿಗಳಿಂದ ಇಬ್ಬರು ಬಾಲಕರು ಆ ನಿಲಯಕ್ಕೆ ಬಂದು ಎಂಟನೆಯ ತರಗತಿಯನ್ನು ಸೇರಿದರು. ಇಬ್ಬರೂ ತಮ್ಮ ತಮ್ಮ ಊರ ಶಾಲೆಯಲ್ಲಿ ಮೊದಲಿಗರು. ಇಬ್ಬರಿಗೂ ಹಾಸಿಗೆ, ತಟ್ಟೆ, ಪುಸ್ತಕ ಎಲ್ಲವೂ ದೊರೆತವು. ಎರಡು ಹೊತ್ತು ಪ್ರಸಾದವೂ ದೊರೆಯಿತು. ಶ್ರಾವಣದಲ್ಲಿ ನಾಗಪಂಚಮಿಯ ಹಬ್ಬಕ್ಕೆಂದು ಊರಿಗೆ ಹೋದ ಆ ಇಬ್ಬರೂ ಮರಳಿ ಬರಲಿಲ್ಲ. ಹಬ್ಬ ಮುಗಿದು ಎಂಟು ದಿನವಾಯಿತು, ಹತ್ತು ದಿನವಾಯಿತು. ಹಾಜರಿಯ ಪುಸ್ತಕದಲ್ಲಿ ಎರಡು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಬೀಳುತ್ತಲೇ ಇದ್ದಿತು.

ನಿಲಯದಲ್ಲಿ ಸಂಜೆ ಪಾಠ ನೋಡಿಕೊಳ್ಳುತ್ತಿದ್ದ ನಿವೃತ್ತ ಶಿಕ್ಷಕರೊಬ್ಬರಿಗೆ ಮನಸ್ಸು ತಡೆಯಲಿಲ್ಲ. ಅವರು ಬಸ್ಸು ಹಿಡಿದು ಮೊದಲನೆಯ ಬಾಲಕನ ಊರಿಗೆ ಹೋದರು. ತಂದೆಯು ಹೊಲದಿಂದ ಬಂದು, ಕೈಕಾಲು ತೊಳೆದು, ತಲೆಬಾಗಿ ನಿಂತು ಹೇಳಿದನು: “ಮಾಸ್ತರ, ಅವನ ಹಣೆಬರಹದಾಗ ಸಾಲಿ ಇಲ್ಲ. ಎತ್ತು ಕಾಯಲಿ ಬಿಡ್ರಿ.” ಮಾಸ್ತರರು ತಂದೆಗೆ ಏನೂ ಉತ್ತರಿಸದೆ ಬಾಲಕನನ್ನು ಕೇಳಿದರು. ಅವನು ಬಹಳ ಹೊತ್ತು ಸುಮ್ಮನಿದ್ದು, “ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿಲ್ಲರಿ” ಎಂದನು.

ಆ ಮಾತಿನ ಅರ್ಥವನ್ನು ವಿಚಾರಿಸಬೇಕು. ಕನ್ನಡ ಶಾಲೆಯಲ್ಲಿ ಒಬ್ಬರೋ ಇಬ್ಬರೋ ಶಿಕ್ಷಕರು ವರ್ಷಗಟ್ಟಲೆ ಅವನಿಗೆ ಪಾಠ ಹೇಳಿದ್ದರು. ಅವನ ತಂದೆ ಯಾರು, ಹೊಲ ಎಷ್ಟು, ಅವನು ಯಾವ ಲೆಕ್ಕದಲ್ಲಿ ತಪ್ಪುವನು ಎಂಬುದೆಲ್ಲವೂ ಅವರಿಗೆ ತಿಳಿದಿದ್ದಿತು. ಹೈಸ್ಕೂಲಿನಲ್ಲಿ ಗಂಟೆ ಬಾರಿಸಿದಂತೆಲ್ಲ ಶಿಕ್ಷಕರು ಬದಲಾಗುವರು. ಮೂರು ಭಾಷೆಗಳು, ಗಣಿತ, ವಿಜ್ಞಾನ, ಸಮಾಜಗಳಿಗೆ ಬೇರೆ ಬೇರೆ ಮುಖಗಳು. ಅವರಿಗೆ ಅವನು ಹಾಜರಿಯಲ್ಲಿ ಒಂದು ಅಂಕಿ. ಹಲವು ಊರುಗಳಿಂದ ಬಂದ ಮೊದಲಿಗರೆಲ್ಲರೂ ಒಂದೇ ಕೋಣೆಯಲ್ಲಿ ಕುಳಿತಾಗ ಎಲ್ಲರೂ ಮೊದಲಿಗರಾಗಿ ಉಳಿಯುವಂತಿಲ್ಲ. ಅದರ ಮೇಲೆ, ಕನ್ನಡದಲ್ಲಿ ವಿಜ್ಞಾನವನ್ನು ಓದಿದ್ದ ಬಾಲಕನಿಗೆ ಅದೇ ವಿಷಯವು ಇಂಗ್ಲಿಷ್ ಮಾಧ್ಯಮದಲ್ಲಿ ಎದುರಾದರೆ, ತಿಳಿದುದೂ ತಿಳಿಯದುದಾಗುವುದು. ಮೊದಲನೆಯ ಕಿರುಪರೀಕ್ಷೆಯಲ್ಲಿ ಅವನಿಗೆ ಬಂದ ಅಂಕಗಳು ಅವನ ಬುದ್ಧಿಯ ಅಳತೆಯಲ್ಲ. ಅವನು ದಾಟುತ್ತಿದ್ದ ನೀರಿನ ಆಳದ ಅಳತೆ. ಆದರೆ ಬಾಲಕನಿಗೆ ಈ ವಿವೇಕವನ್ನು ಹೇಳಿದವರಿರಲಿಲ್ಲ. ತಾನು ದಡ್ಡನೆಂದು ಅವನೇ ತೀರ್ಮಾನಿಸಿಕೊಂಡನು. ತಂದೆಯು ಹಣೆಬರಹವೆಂದು ಅದಕ್ಕೆ ಮುದ್ರೆಯೊತ್ತಿದನು.

ಮಾಸ್ತರರು ಆ ರಾತ್ರಿ ಅಲ್ಲಿಯೇ ತಂಗಿದರು. ಮರುದಿನ ಬಾಲಕನು ಅವರೊಂದಿಗೆ ಮರಳಿದನು. ನಿಲಯದಲ್ಲಿ ಪಕ್ಕದ ಹಳ್ಳಿಯ ಹತ್ತನೆಯ ತರಗತಿಯ ಹುಡುಗನೊಬ್ಬನ ಪಕ್ಕಕ್ಕೆ ಅವನ ಹಾಸಿಗೆಯನ್ನು ಹಾಕಿಸಲಾಯಿತು. ಇಂಗ್ಲಿಷನ್ನು ಎಂಟನೆಯ ತರಗತಿಯ ಪುಸ್ತಕದಿಂದಲ್ಲ, ಐದನೆಯ ತರಗತಿಯ ಪುಸ್ತಕದಿಂದ ಮತ್ತೆ ಆರಂಭಿಸಲಾಯಿತು. ಮಾಸ್ತರರು ಹೈಸ್ಕೂಲಿಗೆ ಹೋಗಿ ಪ್ರತಿಯೊಬ್ಬ ಶಿಕ್ಷಕರಿಗೂ ಅವನನ್ನು ಹೆಸರು ಹೇಳಿ ಪರಿಚಯಿಸಿದರು. ಮೂರು ವರ್ಷಗಳಾದ ಮೇಲೆ ಅವನು ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ತೇರ್ಗಡೆಯಾದನು. ಉನ್ನತ ಶ್ರೇಣಿಯೇನೂ ಬರಲಿಲ್ಲ, ತೇರ್ಗಡೆಯಾದನು, ಅಷ್ಟೇ. ಆದರೆ ಮುಂದಿನ ಬಾಗಿಲನ್ನು ತೆರೆಯಲು ಅಷ್ಟೇ ಸಾಕಾಗಿದ್ದಿತು.

ಎರಡನೆಯ ಬಾಲಕನ ಊರು ದೂರವಾಗಿದ್ದಿತು. ಅಲ್ಲಿಗೆ ಈ ವಾರ ಹೋಗೋಣ, ಮುಂದಿನ ವಾರ ಹೋಗೋಣ ಎನ್ನುವಷ್ಟರಲ್ಲಿ ದಸರೆಯ ರಜೆ ಬಂದಿತು. ರಜೆಯ ನಂತರ ಯಾರೂ ಹೋಗಲಿಲ್ಲ. ಅವನ ತಟ್ಟೆಯನ್ನು ಬೇರೊಬ್ಬನಿಗೆ ಕೊಡಲಾಯಿತು. ಆ ನಿಲಯದ ಹಳೆಯ ದಾಖಲೆಯಲ್ಲಿ ಅವನ ಹೆಸರು ಜೂನ್‌ನಿಂದ ಆಗಸ್ಟ್‌ವರೆಗೆ ಮಾತ್ರ ಇರುವುದು. ಇಬ್ಬರೂ ಒಂದೇ ಪಂಕ್ತಿಯಲ್ಲಿ ಒಂದೇ ಪ್ರಸಾದವನ್ನು ಸ್ವೀಕರಿಸಿದ್ದರು. ಒಬ್ಬನನ್ನು ಉಳಿಸಿದುದು, ಇನ್ನೊಬ್ಬನನ್ನು ಉಳಿಸದೆ ಹೋದುದು ಪ್ರಸಾದವಲ್ಲ. ಒಂದು ಬಸ್ಸಿನ ಪ್ರಯಾಣ.

ಸದ್ಭಕ್ತರೇ, ಸುವರ್ಣ ಮಹೋತ್ಸವದ ಸಂತೋಷದಲ್ಲಿ ಈ ಎರಡನೆಯ ಬಾಲಕನನ್ನು ಮರೆಯುವುದು ಧರ್ಮವಲ್ಲ. ಅನ್ನದಾಸೋಹವು ಮಹತ್ತಾದುದೆಂಬುದು ನಿರ್ವಿವಾದವು. ರಾಜ್ಯವು ಶಾಲೆಯ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟು ೨೦೦೨ರಲ್ಲಿ ಈಶಾನ್ಯ ಜಿಲ್ಲೆಗಳಲ್ಲಿ ಆರಂಭಿಸಿ, ಮುಂದೆ ಹೈಸ್ಕೂಲಿನ ತರಗತಿಗಳಿಗೂ ವಿಸ್ತರಿಸಿತು, ಶರಣರ ಪದವೊಂದು ಹೀಗೆ ಸರ್ಕಾರದ ಕಡತಗಳನ್ನು ಪ್ರವೇಶಿಸಿದುದು ಹೆಮ್ಮೆಯ ವಿಷಯವೇ ಸರಿ. ಆದರೆ ದಾಸೋಹವೆಂಬ ಪದದಲ್ಲಿ ‘ದಾಸನು ನಾನು’ ಎಂಬ ಭಾವವುಂಟು. ದಾಸನಾದವನು ಬಡಿಸಿ ಹಿಂದಿರುಗುವವನಲ್ಲ. ಉಂಡವನು ತೃಪ್ತನಾದನೋ ಇಲ್ಲವೋ ಎಂದು ಮುಖವನ್ನು ನೋಡುವವನು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಹೊಳೆಗೆ ಸೆಳವು ಹೆಚ್ಚು. ಬಾಲಕಿಯು ದೊಡ್ಡವಳಾಗುವ ವಯಸ್ಸೂ ಹೈಸ್ಕೂಲಿಗೆ ಹೋಗುವ ವಯಸ್ಸೂ ಒಂದೇ. ದಾರಿ ದೂರ, ಬಸ್ಸು ಅಕಾಲ, ಶಾಲೆಯಲ್ಲಿ ಶೌಚಾಲಯದ ಅನುಕೂಲವು ಸಾಲದು ಎಂಬ ಒಂದೊಂದು ಕಾರಣವೂ ಮನೆಯ ಹಿರಿಯರಿಗೆ ಸಾಕಾಗುವುದು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆಯನ್ನು ಸರ್ಕಾರವು ೨೦೦೬–೦೭ರಲ್ಲಿ ಆರಂಭಿಸಿದುದು ಈ ದೂರವನ್ನು ಅರಿತೇ. ಅದೂ ಹಲವು ವರ್ಷ ನಡೆದು ನಿಂತಿತು. ಬಾಲ್ಯವಿವಾಹವನ್ನು ೨೦೦೬ರ ಕಾಯಿದೆಯು ನಿಷೇಧಿಸಿದ್ದರೂ, ಶಾಲೆ ಬಿಟ್ಟು ಮನೆಯಲ್ಲಿ ಕುಳಿತ ಹುಡುಗಿಗೆ ವರನನ್ನು ನೋಡುವ ಮಾತು ಬೇಗನೆ ಹುಟ್ಟುವುದು. ಅಕ್ಕಮಹಾದೇವಿಯನ್ನು ಅನುಭವಮಂಟಪದಲ್ಲಿ ಗೌರವಿಸಿದ ಪರಂಪರೆಯವರ ಮನೆಯಲ್ಲಿ ಬಾಲಕಿಯ ವಿದ್ಯೆಯು ಏಳಕ್ಕೆ ನಿಂತರೆ, ಆ ಪರಂಪರೆಯ ಹೆಸರನ್ನು ಹೇಳುವ ಅಧಿಕಾರವು ಕುಂದುವುದು.

ಹಾಗಾದರೆ ಮಾಡತಕ್ಕ ಕಾರ್ಯವೇನು? ಅದು ಹೆಚ್ಚು ದ್ರವ್ಯವನ್ನು ಬೇಡುವಂತಹುದಲ್ಲ.

ಮೊದಲನೆಯದು, ಏಪ್ರಿಲ್ ತಿಂಗಳಲ್ಲಿಯೇ ಪ್ರತಿ ಊರಿನ ಭಕ್ತರು ತಮ್ಮ ಊರ ಶಾಲೆಯಲ್ಲಿ ಏಳನ್ನು ಮುಗಿಸಿದ ಮಕ್ಕಳ ಹೆಸರನ್ನು ಬರೆದುಕೊಳ್ಳಬೇಕು. ಜೂನ್ ತಿಂಗಳಲ್ಲಿ ಅದೇ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗಿ ಯಾರು ಎಲ್ಲಿ ಸೇರಿದರೆಂದು ಕೇಳಬೇಕು. ಪಟ್ಟಿಯಲ್ಲಿ ಉತ್ತರವಿಲ್ಲದೆ ಉಳಿದ ಹೆಸರೇ ಮಠದ ಕೆಲಸ.

ಎರಡನೆಯದು ಕಾಗದಪತ್ರಗಳ ವಿಷಯ. ವರ್ಗಾವಣೆ ಪತ್ರ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಆಧಾರ್, ವಿದ್ಯಾರ್ಥಿವೇತನಕ್ಕೆ ಬ್ಯಾಂಕಿನ ಖಾತೆ ಇವುಗಳಲ್ಲಿ ಒಂದರ ಅಕ್ಷರವು ಇನ್ನೊಂದರೊಡನೆ ಕೂಡದಿದ್ದರೂ ಅಕ್ಷರ ತಿಳಿಯದ ತಂದೆಯು ಕಚೇರಿಯಿಂದ ಕಚೇರಿಗೆ ಅಲೆದು ಸೋಲುವನು. ಓದುಬಲ್ಲ ಯುವಕರು ರಜೆಯಲ್ಲಿ ಒಂದು ವಾರ ಇದಕ್ಕೆಂದು ಕುಳಿತರೆ ಅದೂ ಕಾಯಕವೇ.

ಮೂರನೆಯದು ಪಾಠದ ವಿಷಯ. ಶಾಲೆಗಳಲ್ಲಿ ವರ್ಷಾರಂಭಕ್ಕೆ ‘ಸೇತುಬಂಧ’ವೆಂಬ ಹೆಸರಿನಿಂದ ಹಿಂದಿನ ಪಾಠಗಳನ್ನು ಮತ್ತೆ ನೋಡುವ ಪದ್ಧತಿಯುಂಟು. ಹೆಸರು ಅರ್ಥವತ್ತಾದುದು, ಆದರೆ ಕೆಲವು ದಿನಗಳ ಸೇತುವೆಯು ಎಲ್ಲರ ಭಾರವನ್ನೂ ತಾಳಲಾರದು. ಸಂಸ್ಕೃತ ಪಾಠಶಾಲೆಯ ಹಳೆಯ ಕ್ರಮದಲ್ಲಿ ನಿನ್ನೆಯ ಪಾಠವನ್ನು ಒಪ್ಪಿಸದೆ ಇಂದಿನ ಪಾಠವಿಲ್ಲ. ಮೇಲಿನವನು ಕೆಳಗಿನವನಿಗೆ ಆವೃತ್ತಿ ಮಾಡಿಸುವನು. ಈ ಕ್ರಮವನ್ನು ನಿಲಯಗಳಲ್ಲಿ ಇಂಗ್ಲಿಷಿಗೂ ಗಣಿತಕ್ಕೂ ಅನ್ವಯಿಸಿ, ಮೇ ತಿಂಗಳ ಮಧ್ಯದಿಂದ ಪಂಚಮಿಯವರೆಗಾದರೂ ನಡೆಸಬೇಕು.

ನಾಲ್ಕನೆಯದೂ ಮುಖ್ಯವಾದುದೂ ಎಂದರೆ, ಹೊಸದಾಗಿ ಬಂದ ಪ್ರತಿಯೊಂದು ಮಗುವಿಗೂ ಹೆಸರು ಹಿಡಿದು ಕರೆಯುವ ಒಬ್ಬ ಹಿರಿಯನಿರಬೇಕು; ಮತ್ತು ಹಬ್ಬಕ್ಕೆ ಹೋದ ಮಗುವು ಮೂರನೆಯ ದಿನ ಮರಳದಿದ್ದರೆ ನಾಲ್ಕನೆಯ ದಿನ ಒಬ್ಬರು ಬಸ್ಸು ಹತ್ತಬೇಕು.

ಷಟ್‌ಸ್ಥಲ ಸಿದ್ಧಾಂತವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಭಕ್ತಸ್ಥಲದಿಂದ ಮಹೇಶಸ್ಥಲಕ್ಕೆ ಏರುವವನು ಭಕ್ತಿಯನ್ನು ಬಿಟ್ಟು ಏರುವುದಿಲ್ಲ; ಹಿಂದಿನದನ್ನು ಒಳಗೊಂಡೇ ಮುಂದಿನದನ್ನು ಸೇರುವನು. ಹಾಗೆಯೇ ಹಳ್ಳಿಯ ಬಾಲಕನು ತನ್ನ ಊರು, ಭಾಷೆ, ಹೆಸರುಗಳನ್ನು ಹೊಸ್ತಿಲ ಹೊರಗೆ ಬಿಟ್ಟು ಹೈಸ್ಕೂಲನ್ನು ಪ್ರವೇಶಿಸುವಂತಾಗಬಾರದು. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳನ್ನು ಕಟ್ಟಿ ಕೀರ್ತಿವಂತನಾಗಿದ್ದ ಸಿದ್ಧರಾಮನನ್ನೇ ಅಲ್ಲಮಪ್ರಭುಗಳು ಜೊತೆಯಲ್ಲಿ ನಿಂತು ಕಲ್ಯಾಣಕ್ಕೆ ಕರೆದುಕೊಂಡು ಬಂದರೆಂದು ಶೂನ್ಯಸಂಪಾದನೆಯು ಸಾರುವುದು. ಅಂತಹ ಮಹಾತ್ಮನಿಗೇ ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಬರಲು ಜೊತೆಗಾರರು ಬೇಕಾದರು. ಹದಿಮೂರು ವರ್ಷದ ಕೂಸಿಗೆ ಬೇಡವೇ?

ಸಭೆಯು ಮುಗಿದ ಮೇಲೆ ಮಹಾಪ್ರಸಾದವಾಗುವುದು. ಪಂಕ್ತಿಯಲ್ಲಿ ಕುಳಿತಾಗ ಪ್ರತಿಯೊಬ್ಬರೂ ತಮ್ಮ ಊರಿನ ಏಳನೆಯ ತರಗತಿಯ ಒಂದು ಮಗುವಿನ ಹೆಸರನ್ನು ನೆನೆಯುವುದು. ಹೆಸರು ತಿಳಿಯದಿದ್ದರೆ ಊರಿಗೆ ಹೋದ ಕೂಡಲೇ ಕೇಳಿ ತಿಳಿಯುವುದು. ಐವತ್ತು ವರ್ಷಗಳ ಸೇವೆಗೆ ಸಲ್ಲತಕ್ಕ ಕಾಣಿಕೆಯು ಇದಕ್ಕಿಂತ ಬೇರೊಂದಿಲ್ಲ.