ಹರ್ನಿಯಾ ಶಸ್ತ್ರಚಿಕಿತ್ಸೆಯ ಅನಂತರ ಮನೆಯವರ ಶುಶ್ರೂಷೆ



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ನೆಲ. ಕಡಲೆಕಾಯಿ ಮೂಟೆ ಹೊರುವ, ಕಲ್ಲು ಎತ್ತುವ ಕೈಗಳೇ ಇಲ್ಲಿ ಸಂಸಾರವನ್ನು ಸಾಕುತ್ತವೆ. ಹೊಟ್ಟೆಯ ಗೋಡೆಯ ಸ್ನಾಯು ದುರ್ಬಲವಾದೆಡೆ ಕರುಳು ಹೊರಚಾಚುವುದೇ ಹರ್ನಿಯಾ. ತೊಡೆಸಂದಿನಲ್ಲಿ ಕಾಣುವ ಈ ಗಂಟನ್ನು 'ಕರುಳು ಇಳಿದಿದೆ' ಎನ್ನುವುದುಂಟು. ಭಾರ, ಬಿಡದ ಕೆಮ್ಮು ಮತ್ತು ಮಲಬದ್ಧತೆ ಇದನ್ನು ಹೆಚ್ಚಿಸುತ್ತವೆ. ಶಸ್ತ್ರಚಿಕಿತ್ಸೆಯೇ ಇದಕ್ಕೆ ಪರಿಹಾರ. ಅನಂತರದ ಶುಶ್ರೂಷೆಯ ಬಹುಭಾಗ ಮನೆಯವರ ಪಾಲಿನದು.

ಕೆಲವು ವರ್ಷಗಳ ಹಿಂದೆ ಕೃಷಿಕರೊಬ್ಬರನ್ನು ನಮ್ಮಲ್ಲಿಗೆ ಎತ್ತಿಕೊಂಡು ಬಂದರು. ಶಸ್ತ್ರಚಿಕಿತ್ಸೆಯಾಗಿ ಮನೆಗೆ ಹೋದ ಅವರು 9 ದಿನ ಅಂಗಾತವೇ ಮಲಗಿದ್ದರು. ಎದ್ದರೆ ಹೊಲಿಗೆ ಬಿಚ್ಚೀತೆಂದು ತಾಯಿಗೆ ಭಯ. ಬಹಿರ್ದೆಸೆಗೆ ಏಳಬೇಕಾದೀತೆಂದು ನೀರು, ಆಹಾರವನ್ನೂ ಕಡಿಮೆ ಮಾಡಿದ್ದರು. ಕಾಲಿನ ಮೀನಖಂಡ ಊದಿತ್ತು. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಸಕಾಲದಲ್ಲಿ ಚಿಕಿತ್ಸೆ ದೊರೆತು ಅವರು ಉಳಿದರು. ಆ ತಾಯಿಯ ಪ್ರೀತಿಯಲ್ಲಿ ಕೊರತೆಯಿರಲಿಲ್ಲ, ಹೇಳಿಕೊಡಬೇಕಾದವರು ಹೇಳಿಕೊಟ್ಟಿರಲಿಲ್ಲ. ಈ ಮಾತುಗಳಿಗೆ ಅದೇ ಕಾರಣ.

ವಾರಗಟ್ಟಲೆ ಹಾಸಿಗೆಯಲ್ಲಿಡುವ ಪದ್ಧತಿ ಹಿಂದೆ ಇತ್ತು, ಇಂದು ಇಲ್ಲ. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ಕಾಲಿಗೆ ಸ್ಪರ್ಶವೂ ಬಲವೂ ಮರಳುವ ತನಕ ರೋಗಿ ಏಳಕೂಡದು. ಅನಂತರ ವೈದ್ಯರ ಅನುಮತಿ ಪಡೆದು, ಒಬ್ಬರ ಆಸರೆಯಿಂದ ಅದೇ ದಿನ ಅಥವಾ ಮರುದಿನ ನಾಲ್ಕು ಹೆಜ್ಜೆ ನಡೆಯುವುದು ಹಿತಕರ. 6ರಿಂದ 8 ಗಂಟೆಗಳೊಳಗೆ ಮೂತ್ರ ಹೋಗದಿದ್ದರೆ ದಾದಿಯರಿಗೆ ತಿಳಿಸತಕ್ಕದ್ದು.

ಮಲಗಿರುವಾಗ ತಲೆಯನ್ನೂ ಭುಜವನ್ನೂ ದಿಂಬಿನಿಂದ ಎತ್ತರಿಸಿ, ಮಂಡಿಗಳನ್ನು ತುಸು ಮಡಿಸಿದರೆ ತೊಡೆಸಂದಿನ ಎಳೆತ ಕಡಿಮೆಯಾಗುತ್ತದೆ. ಆದರೆ ಮಂಡಿಯ ಕೆಳಗೆ ದಿಂಬನ್ನು ಸದಾ ಇಟ್ಟಿರಬಾರದು; ಅದು ರಕ್ತದ ಹರಿವಿಗೆ ಅಡ್ಡಿ. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದಗಳನ್ನು ಮೇಲೆ ಕೆಳಗೆ ಆಡಿಸಲಿ, ಹತ್ತು ಬಾರಿ ದೀರ್ಘವಾಗಿ ಉಸಿರೆಳೆಯಲಿ. ಕೆಮ್ಮು ಬಂದರೆ ಮಡಿಸಿದ ಟವೆಲನ್ನು ಗಾಯದ ಮೇಲೆ ಅಂಗೈಯಿಂದ ಒತ್ತಿ ಹಿಡಿಯಬೇಕು. ವೃಷಣ ಊದಿದ್ದರೆ ಲಂಗೋಟಿಯ ಆಧಾರ ಕೊಡಬಹುದು.

ಏಳುವ ಕ್ರಮವನ್ನು ಎಲ್ಲರೂ ಕಲಿಯಬೇಕು. ಕೈ ಹಿಡಿದು ನೇರವಾಗಿ ಎಳೆದೆಬ್ಬಿಸಬಾರದು. ಮೊದಲು ಮಂಡಿಗಳನ್ನು ಮಡಿಸಿ, ಮೈಯನ್ನು ಒಟ್ಟಾಗಿ ಪಕ್ಕಕ್ಕೆ ಹೊರಳಿಸಿ, ಕಾಲುಗಳನ್ನು ಮಂಚದಿಂದ ಕೆಳಗಿಳಿಸಿ, ಕೈಯೂರಿ ಕೂರಬೇಕು. ತಲೆ ಸುತ್ತುವುದು ನಿಂತ ಮೇಲೆ ನಿಲ್ಲಬೇಕು. ನೆಲದ ಚಾಪೆಗಿಂತ ಮಂಚ ಮೇಲು.

ಗಾಯವನ್ನು ಒಣಗಿರುವಂತೆ ಕಾಪಾಡಿ. ಅರಿಶಿನ, ಬೂದಿ, ಎಣ್ಣೆ ಹಚ್ಚಬೇಡಿ. ರಾಗಿಗಂಜಿ, ಮುದ್ದೆ, ಸೊಪ್ಪಿನ ಸಾರು, ಹಣ್ಣು, ಬೇಕಾದಷ್ಟು ನೀರು ಇವು ಮಲಬದ್ಧತೆಯನ್ನು ತಡೆಯುತ್ತವೆ. ಮುಕ್ಕುವುದು ಹೊಲಿಗೆಗೆ ಶತ್ರು. ಬೀಡಿಯೂ ಅಷ್ಟೇ, ಅದು ಕೆಮ್ಮನ್ನು ತರುತ್ತದೆ, ಗಾಯ ಮಾಯುವುದನ್ನು ತಡಮಾಡುತ್ತದೆ.

ನಡಿಗೆ ಬೇಗ, ಭಾರ ತಡವಾಗಿ: ಇದೇ ಸೂತ್ರ. ಸಾಮಾನ್ಯವಾಗಿ 4ರಿಂದ 6 ವಾರ ಮೂಟೆ, ಬಿಂದಿಗೆ ಎತ್ತಕೂಡದು. ಖಚಿತ ಅವಧಿಯನ್ನು ಶಸ್ತ್ರವೈದ್ಯರಿಂದಲೇ ಕೇಳಿಕೊಳ್ಳಿ. ಕಡಲೆಕಾಯಿ ಕೀಳುವ ಕಾಲ ಹತ್ತಿರವಿದ್ದರೆ ಮನೆಯವರು, ನೆರೆಯವರು ಮೊದಲೇ ಕೆಲಸ ಹಂಚಿಕೊಳ್ಳಲಿ.

ಜ್ವರ, ಕೀವು, ರಕ್ತಸ್ರಾವ, ಹೊಟ್ಟೆಯುಬ್ಬರದೊಡನೆ ವಾಂತಿ, ಮೂತ್ರ ಕಟ್ಟುವುದು, ಮೀನಖಂಡದ ನೋವು ಅಥವಾ ಊತ ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿ. ಇನ್ನೂ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದವರಲ್ಲಿ ಗಂಟು ಗಟ್ಟಿಯಾಗಿ, ನೋವಾಗಿ, ಒಳಗೆ ಸರಿಯದಿದ್ದರೆ ಅದೂ ತುರ್ತು. ಒತ್ತಿ ತಳ್ಳಬೇಡಿ, ಮುಂಜಾವಿನವರೆಗೆ ಕಾಯಬೇಡಿ.

ಶಸ್ತ್ರವೈದ್ಯರ ಕೆಲಸ ಒಂದೆರಡು ಗಂಟೆಯದು. ನಿಮ್ಮದು ಆರು ವಾರದ್ದು. ನಿಮ್ಮ ಪ್ರೀತಿಗೆ ಈ ತಿಳಿವಳಿಕೆಯೂ ಜೊತೆಯಾಗಲಿ.